ಈ ತಿಂಗಳು ನೀವೇನು ತಂದಿರಿ?

ಕಳೆದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ನನ್ನ ಮಂಚದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ಹೊರಗೆಳೆದ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದ ತಾತನ ಟ್ರಂಕಿನಲ್ಲಿ ಏನೋ ಗಂಟು ಇದ್ದೇ ಇರುತ್ತದೆ ಎಂದು ಅವನ ಲೆಕ್ಕ. ಮುಚ್ಚಳ ತೆಗೆದರೆ ಸಾಲು ಸಾಲು ಕ್ಯಾಸೆಟ್‌ಗಳು, ಒಂದು ಮೂಲೆಯಲ್ಲಿ ನಿಲ್ಲಿಸಿಟ್ಟ ಗ್ರಾಮಫೋನ್ ಪ್ಲೇಟುಗಳು, ಮೇಲೊಂದು ಕೆಂಪು ಬೈಂಡಿನ ಲೆಜರ್ ಪುಸ್ತಕ.

“ಇಷ್ಟೇನಾ?” ಎಂದ. ಅವನ ಮುಖ ನೋಡಿ ನನಗೆ ನಗು ಬಂತು.

ಬೇರೆ ಕೆಲಸವಿಲ್ಲದೆ ಲೆಜರ್ ತೆರೆದು ಓದತೊಡಗಿದ. ಪ್ರತಿ ಪುಟಕ್ಕೂ ಗೆರೆ ಹೊಡೆದು ನಾನು ಕಾಲಂ ಮಾಡಿದ್ದೆ: ಕ್ರಮಸಂಖ್ಯೆ, ಕ್ಯಾಸೆಟ್ಟಿನ ಹೆಸರು, ಕಂಪನಿ, ಕೊಂಡ ಊರು, ಒಯ್ದವರು, ಒಯ್ದ ತಾರೀಖು, ಮರಳಿಸಿದ ತಾರೀಖು, ಸಹಿ. “ತಾತಾ, ಹಾಡಿಗೂ ಸಾಲದ ಖಾತೆ ಇಟ್ಟಿದ್ದೀಯಾ?” ಎಂದು ಕೇಳಿದ.

ಹೌದು, ಇಟ್ಟಿದ್ದೆ. ಆ ಖಾತೆಯ ಕತೆಯನ್ನೇ ಇವತ್ತು ನಿಮಗೆ ಹೇಳಹೊರಟಿದ್ದೇನೆ. ಅದರಲ್ಲಿ ವಸೂಲಾಗದ ಸಾಲ ಒಂದಿದೆ. ಅದನ್ನು ತೀರಿಸಬೇಕಾದವರು ಬೇರೆ ಯಾರೂ ಅಲ್ಲ, ನಾವೇ.

ತಿಂಗಳ ಮೊದಲ ಭಾನುವಾರ

ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಸೇರಿದೆ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣಪುಟ್ಟ ಊರುಗಳಲ್ಲೂ ಶಾಖೆಗಳು ತೆರೆಯುತ್ತಿದ್ದ ಕಾಲ ಅದು. ನನ್ನ ನೌಕರಿ ಹೊಸಪೇಟೆ, ಸಂಡೂರು, ಕಂಪ್ಲಿ ಈ ಮೂರು ಊರುಗಳ ನಡುವೆಯೇ ಸುತ್ತಿತು. ಮನೆ ಮಾತ್ರ ಹೊಸಪೇಟೆಯಲ್ಲಿ. 1981ರಲ್ಲಿ ಹಬ್ಬದ ಮುಂಗಡ ಪಡೆದು ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ಎರಡೂ ಸೇರಿದ ಒಂದು ‘ಟು ಇನ್ ಒನ್’ ಕೊಂಡೆ. ಹತ್ತು ಕಂತುಗಳಲ್ಲಿ ಆ ಮುಂಗಡ ಸಂಬಳದಿಂದ ಕಡಿತವಾಯಿತು. ಯಂತ್ರ ಬಂತು, ಕ್ಯಾಸೆಟ್ ಕೊಳ್ಳಲು ಕೈಯಲ್ಲಿ ಕಾಸು ಉಳಿಯಲಿಲ್ಲ.

ನನ್ನಂಥವರೇ ಇನ್ನೂ ನಾಲ್ಕೈದು ಮಂದಿ ಇದ್ದರು. ತಿಂಗಳಿಗೆ ಒಂದು ಕ್ಯಾಸೆಟ್ ಕೊಂಡರೆ ಹೆಚ್ಚು. ಎರಡು ಕೊಂಡರೆ ಮನೆಯಲ್ಲಿ ಮಾತು ಕೇಳಬೇಕು. ಆಗ ನಮಗೊಂದು ಉಪಾಯ ಹೊಳೆಯಿತು. ಒಬ್ಬೊಬ್ಬರು ಒಂದೊಂದನ್ನು ಕೊಂಡು ಬದಲಾಯಿಸಿಕೊಂಡರೆ ಎಲ್ಲರೂ ಆರು ಕ್ಯಾಸೆಟ್ ಕೇಳಿದಂತಾಗುತ್ತದಲ್ಲ! ಹೀಗೆ ತಿಂಗಳ ಮೊದಲ ಭಾನುವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂಟ ಶುರುವಾಯಿತು. ಸಂಬಳ ಬಂದ ಮೊದಲ ವಾರ, ಹಾಗಾಗಿ ಕೈ ಸ್ವಲ್ಪ ಬಿಚ್ಚಿರುತ್ತಿತ್ತು. ಚಾಪೆ, ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಒಳಗೆ ಬರುತ್ತಲೇ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದ ಮೊದಲ ಪ್ರಶ್ನೆ: “ಈ ತಿಂಗಳು ನೀವೇನು ತಂದಿರಿ?”

ಬರುತ್ತಿದ್ದವರು ಯಾರು ಯಾರು? ಕಂಪ್ಲಿಯ ಹೈಸ್ಕೂಲು ಮೇಷ್ಟ್ರು. ಇವರಿಗೆ ಭಾವಗೀತೆ ಬಿಟ್ಟರೆ ಬೇರೆ ಲೋಕವಿಲ್ಲ. ಟಿ.ಬಿ. ಡ್ಯಾಮಿನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಹಿರಿಯರು. ಇವರು ಹಿಂದೂಸ್ತಾನಿ ಸಂಗೀತದ ಹುಚ್ಚಿಗೆ ಬಿದ್ದವರು, ಮನೆಯಲ್ಲಿ ತಂದೆಯ ಕಾಲದ ಕೀಲಿ ಕೊಡುವ ಗ್ರಾಮಫೋನ್ ಇತ್ತು. ಸಂಡೂರಿನ ಗಣಿ ಕಚೇರಿಯ ಲೆಕ್ಕಿಗರು. ಹಳೆಯ ಹಿಂದಿ ಸಿನಿಮಾ ಹಾಡು. ನಮ್ಮ ಬೀದಿಯ ದರ್ಜಿ. ಅವರಿಗೆ ರಾಜಕುಮಾರ್ ಹಾಡಿದ್ದೇ ಹಾಡು. ದಾಸರ ಪದಗಳ ಪಾಲು ನನ್ನ ಹೆಂಡತಿಯದು. ನಾನು? ಗುಮಾಸ್ತ. ಯಾರು ಏನು ಒಯ್ದರು ಎಂದು ಬರೆದಿಡುವವನು.

ಚೆನ್ನಾಗಿದೆ ಎನ್ನಬಾರದು

ನಾಲ್ಕು ತಿಂಗಳಾಗುವಷ್ಟರಲ್ಲಿ ನಿಯಮಗಳು ಹುಟ್ಟಿಕೊಂಡವು. ಆ ತಿಂಗಳು ಕೊಂಡದ್ದನ್ನೇ ತರಬೇಕು. ಎರಡೇ ಹಾಡು ಕೇಳಿಸಬೇಕು. ಒಯ್ದವರು ಮುಂದಿನ ತಿಂಗಳು ತಪ್ಪದೆ ಮರಳಿಸಬೇಕು. ಇವೆಲ್ಲಕ್ಕಿಂತ ಒಳ್ಳೆಯ ನಿಯಮವನ್ನು ಮಾಡಿದವರು ಮೇಷ್ಟ್ರು. “ಚೆನ್ನಾಗಿದೆ, ಕೇಳಿ” ಎಂದು ಯಾರೂ ಹೇಳಕೂಡದು. ಯಾಕೆ ಕೇಳಬೇಕು, ಎಲ್ಲಿ ಕಿವಿ ಇಡಬೇಕು ಎಂದು ಮೂರು ಮಾತಿನಲ್ಲಿ ಹೇಳಬೇಕು.

ಇದು ಸುಲಭ ಅಂದುಕೊಂಡಿರಾ? ಒಮ್ಮೆ ಪ್ರಯತ್ನಿಸಿ ನೋಡಿ. ಮೊದಮೊದಲು ನಾವೆಲ್ಲ ತೊದಲಿದೆವು. ಬರಬರುತ್ತ ಕಲಿತೆವು. “ಎರಡನೆಯ ಬದಿಯ ಮೂರನೆಯ ಹಾಡು. ಪಲ್ಲವಿ ಎರಡನೆಯ ಸಲ ಬಂದಾಗ ತಬಲಾ ನಿಲ್ಲುತ್ತದೆ. ಅಲ್ಲಿ ಹಾಡುವವರ ಉಸಿರು ಕೇಳಿಸುತ್ತದೆ, ಗಮನಿಸಿ.” ಹೀಗೆ ಹೇಳಿದರೆ ಮನೆಗೆ ಹೋದವರು ಅದೇ ಜಾಗಕ್ಕಾಗಿ ಕಾಯುತ್ತ ಕೂಡುತ್ತಿದ್ದರು. ಕಾಯುತ್ತ ಕೇಳಿದ ಹಾಡು ಸುಮ್ಮನೆ ಕೇಳಿದ ಹಾಡಿಗಿಂತ ಹೆಚ್ಚು ದಿನ ನೆನಪಿರುತ್ತದೆ.

ಮೇಷ್ಟ್ರು ತಂದ ಮೊದಲ ಕ್ಯಾಸೆಟ್ ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. 1978ರಲ್ಲಿ ಬಂದ ಇದನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಗುರುತಿಸುತ್ತಾರೆ. ಅದಕ್ಕೆ ಮುಂಚೆ ಕವಿತೆ ಎಂದರೆ ಪುಸ್ತಕದಲ್ಲಿ ಇರುವಂಥದ್ದು, ಪರೀಕ್ಷೆಗೆ ಬಾಯಿಪಾಠ ಮಾಡುವಂಥದ್ದು. ಕ್ಯಾಸೆಟ್ ಬಂದ ಮೇಲೆ ಕಬ್ಬಿನ ಗಾಡಿ ಹೊಡೆಯುವವನ ಬಾಯಲ್ಲೂ ಕವಿತೆ ಬಂತು. ಮುಂದೆ ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ಯನ್ನು ಸಿ. ಅಶ್ವಥ್ ಹಾಡಾಗಿಸಿದರು. ಆ ಕ್ಯಾಸೆಟ್ಟನ್ನು ನಮ್ಮ ಲೆಜರ್‌ನಲ್ಲಿ ಹನ್ನೊಂದು ಸಲ ಒಯ್ದಿದ್ದಾರೆ. ಹನ್ನೊಂದನೆಯ ಸಲ ಮರಳಿ ಬಂದಾಗ ಟೇಪು ಹೊರಗೆ ನೇತಾಡುತ್ತಿತ್ತು. ಪೆನ್ಸಿಲನ್ನು ತೂತಿಗೆ ಸಿಕ್ಕಿಸಿ ತಿರುಗಿಸಿ ತಿರುಗಿಸಿ ಒಳಗೆ ಸೇರಿಸಿದೆ. ಪೆನ್ಸಿಲಿಗೂ ಕ್ಯಾಸೆಟ್ಟಿಗೂ ಏನು ಸಂಬಂಧ ಎಂದು ಇಂದಿನ ಮಕ್ಕಳನ್ನು ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ತಬ್ಬಿಬ್ಬಾಗುತ್ತಾರೆ.

ದರ್ಜಿಗೆ ಶಾಸ್ತ್ರೀಯ ಸಂಗೀತ ಕಂಡರೆ ಆಗದು. “ಒಂದು ಅಂಗಿ ಹೊಲಿಯೋದ್ರೊಳಗೆ ಒಂದು ಆ… ಮುಗಿಯಂಗಿಲ್ಲ” ಎನ್ನುತ್ತಿದ್ದರು. ಡ್ಯಾಮಿನ ಹಿರಿಯರು ಜಗಳವಾಡಲಿಲ್ಲ. ಮುಂದಿನ ತಿಂಗಳು ‘ಸಂಧ್ಯಾರಾಗ’ ಚಿತ್ರದ ಹಾಡುಗಳನ್ನು ತಂದರು. 1966ರ ಆ ಚಿತ್ರದ ನಾಯಕ ರಾಜಕುಮಾರ್. ಹಾಡಿದವರಲ್ಲಿ ಭೀಮಸೇನ ಜೋಶಿ ಇದ್ದಾರೆ, ಬಾಲಮುರಳಿಕೃಷ್ಣ ಇದ್ದಾರೆ. ರಾಜಕುಮಾರ್ ಚಿತ್ರ ಎಂದ ಮೇಲೆ ದರ್ಜಿ ಕೇಳದೆ ಇರುವ ಹಾಗಿಲ್ಲ. ಕೇಳಿದರು. ಮತ್ತೆ ಕೇಳಿದರು. ಆರು ತಿಂಗಳ ನಂತರ ಲೆಜರ್‌ನಲ್ಲಿ ಅವರ ಸಹಿ ಇದೆ: ಭೀಮಸೇನ ಜೋಶಿ ಅವರ ಒಂದು ಎಲ್‌ಪಿ, ಒಂದು ತಿಂಗಳಿಗೆ. ಪ್ಲೇಯರ್ ಇಲ್ಲದ್ದರಿಂದ ಹಿರಿಯರ ಮನೆಗೇ ಹೋಗಿ ಕೇಳಿ ಬರುತ್ತಿದ್ದರು. ಒಬ್ಬರಿಗೆ ಹೊಸ ಸಂಗೀತದ ರುಚಿ ಹತ್ತಿಸಬೇಕಾದರೆ ಅವರಿಗೆ ಈಗಾಗಲೇ ಇಷ್ಟವಿರುವುದರಿಂದ ಒಂದು ಹಲಗೆ ಹಾಸಿ ದಾಟಿಸಬೇಕು. ನಾನು ಆ ಹಿರಿಯರಿಂದ ಕಲಿತ ಪಾಠ ಇದು.

ಒಂದು ಪ್ಲೇಟು ಮಾಡಿದ ಕೆಲಸ

ಅವರು ತಮ್ಮ ಹಳೆಯ ಪ್ಲೇಟುಗಳನ್ನು ತಂದ ಸಂಜೆ ನಮಗೆಲ್ಲ ಹಬ್ಬ. ಕರಿ ಬಣ್ಣದ, ಹತ್ತು ಅಂಗುಲ ಅಗಲದ, ನಿಮಿಷಕ್ಕೆ 78 ಸುತ್ತು ಸುತ್ತುವ ಪ್ಲೇಟು. ಅದನ್ನು ಮಾಡುತ್ತಿದ್ದುದು ಅರಗಿನಿಂದ. ಮರದ ಮೇಲಿನ ಪುಟ್ಟ ಕೀಟಗಳು ಕೊಡುವ ಅದೇ ಅರಗು. ಕೈಜಾರಿದರೆ ಹಪ್ಪಳದಂತೆ ಪುಡಿ. ಒಂದು ಬದಿಯಲ್ಲಿ ಹಿಡಿಸುವುದು ಮೂರು, ಮೂರೂವರೆ ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ಎಲ್ಲವನ್ನೂ ಹೇಳಿ ಮುಗಿಸಬೇಕಿತ್ತು!

ನಮ್ಮ ದೇಶದಲ್ಲಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತದಲ್ಲಿ. ಆಗ ಹಾಡಿದವರಲ್ಲಿ ಹೆಸರಾದವರು ಗೌಹರ್ ಜಾನ್. ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಇದು ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ. ಆ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಲ ಕಾಲದ ಪ್ಲೇಟುಗಳ ಮೇಲೆ ಅವರ ಹೆಸರೇ ಇಲ್ಲ. ‘ಗಾಂಧಾರಿ ಹುಬ್ಬಳ್ಳಿ’ ಎಂದಿದೆ. ಪ್ಲೇಟಿನ ಮೇಲಿನ ಚೀಟಿಯನ್ನೇ ನಂಬಬಾರದು, ಕಿವಿಯನ್ನು ನಂಬಬೇಕು ಎಂದು ಹಿರಿಯರು ನಗುತ್ತಿದ್ದರು.

ಅವರು ಹೇಳಿದ ಇನ್ನೊಂದು ಸಂಗತಿ ನಮ್ಮ ಪಕ್ಕದ ಗದಗಿನದು. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಕೊಪ್ಪಳ ದಾಟಿ ಗದಗ. ಅಲ್ಲಿ ಒಬ್ಬ ಹುಡುಗ ಶಾಲೆಗೆ ಹೋಗಿಬರುವಾಗ ಅಂಗಡಿಯೊಂದರ ಮುಂದೆ ನಿಲ್ಲುತ್ತಿದ್ದ. ಒಳಗೆ ಗ್ರಾಮಫೋನ್ ಹಾಡುತ್ತಿತ್ತು. ಒಂದು ದಿನ ಉಸ್ತಾದ್ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿದ. ಝಿಂಝೋಟಿ ರಾಗದ ಠುಮ್ರಿ. ಹೀಗೆ ಹಾಡುವುದನ್ನು ಕಲಿಯಲೇಬೇಕು ಎಂದು ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ. ಅದು 1933. ಗ್ವಾಲಿಯರ್, ಜಲಂಧರ್ ಎಂದು ಗುರುವನ್ನು ಹುಡುಕಿ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ: ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವ. ಆ ಹುಡುಗನೇ ಭೀಮಸೇನ ಜೋಶಿ. 2008ರಲ್ಲಿ ಭಾರತ ರತ್ನ ಘೋಷಣೆಯಾಯಿತು. ಮಕ್ಕಳೇ, ಇದನ್ನು ಓದಿ ನೀವು ಮನೆ ಬಿಟ್ಟು ಓಡಬೇಡಿ. ನನ್ನ ಮೇಲೆ ದೂರು ಬಂದೀತು. ನಾನು ಹೇಳುವುದಿಷ್ಟೆ: ಅಂಗಡಿಯವನು ಪ್ಲೇಟು ಹಾಕಿದ್ದು ಗಿರಾಕಿಗಳನ್ನು ಕರೆಯಲು. ಕೇಳಿದವನು ಕಾಸಿಲ್ಲದ ಹುಡುಗ. ಸಂಗೀತ ಉಳಿದದ್ದು ಆ ಹುಡುಗನಲ್ಲಿ.

ಕೆಂಪು ಮಣ್ಣು, ಕಂದು ಟೇಪು

ಸಂಡೂರಿನ ಲೆಕ್ಕಿಗರು ಹೆಚ್ಚು ಮಾತಾಡುವವರಲ್ಲ. ಆದರೆ ಒಂದು ಭಾನುವಾರ ಎಲ್ಲರನ್ನೂ ಬೆರಗುಗೊಳಿಸಿದರು. ಜೇಬಿನಿಂದ ಸಂಡೂರಿನ ಅದಿರಿನ ಒಂದು ಚೂರು ತೆಗೆದು ಕ್ಯಾಸೆಟ್ಟಿನ ಪಕ್ಕ ಇಟ್ಟರು. “ಇದು ಕಬ್ಬಿಣದ ಆಕ್ಸೈಡ್. ಟೇಪಿನ ಮೇಲೆ ಬಳಿದ ಕಂದು ಪುಡಿಯೂ ಕಬ್ಬಿಣದ ಆಕ್ಸೈಡ್. ಅಣುಗಳ ಜೋಡಣೆ ಮಾತ್ರ ಬೇರೆ” ಎಂದರು.

ನಿಜ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಯಸ್ಕಾಂತದ ಗುಣವಿರುವ ಕಬ್ಬಿಣದ ಆಕ್ಸೈಡ್ ಲೇಪನ. ಯಂತ್ರದ ತಲೆ ಆ ಕಣಗಳನ್ನು ಧ್ವನಿಗೆ ತಕ್ಕಂತೆ ಅಯಸ್ಕಾಂತವಾಗಿಸುತ್ತದೆ. ಮತ್ತೆ ಓಡಿಸಿದಾಗ ಅದೇ ಗುರುತುಗಳು ಧ್ವನಿಯಾಗುತ್ತವೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಟೇಪನ್ನು ಪೂರ್ತಿ ಬಿಚ್ಚಿದರೆ 80 ಮೀಟರಿಗೂ ಉದ್ದ. ಅದಿರಿನ ಲಾರಿಗಳ ಕೆಂಪು ಧೂಳನ್ನು ನಾವು ದಿನವೂ ಬೈಯುತ್ತ ಕಿಟಕಿ ಒರೆಸುತ್ತಿದ್ದೆವು. ಅಂಥದ್ದೇ ಒಂದು ಪುಡಿ ನಮ್ಮ ಹಾಡುಗಳನ್ನೆಲ್ಲ ಹಿಡಿದಿಟ್ಟುಕೊಂಡಿದೆ ಎಂದು ಗೊತ್ತಾದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಯಿತು.

ಟೇಪಿನ ಈ ಗುಣದಿಂದ ದೊಡ್ಡದೊಂದು ಬದಲಾವಣೆ ಆಗಿತ್ತು. ಪ್ಲೇಟು ಮಾಡಲು ಕಾರ್ಖಾನೆ ಬೇಕು. ಟೇಪಿನಲ್ಲಿ ಮನೆಯಲ್ಲೇ, ಯಾರ ಧ್ವನಿಯನ್ನಾದರೂ ಹಿಡಿಯಬಹುದು. ಕೆಂಪು ಗುಂಡಿಯೊಂದನ್ನು ಒತ್ತಿದರೆ ಸಾಕು. ಆ ಗುಂಡಿ ನಮ್ಮೆಲ್ಲರ ಮನೆಯಲ್ಲೂ ಇತ್ತು. ನಾವು ಅದನ್ನು ಒತ್ತಬೇಕಾದಾಗ ಒತ್ತಲಿಲ್ಲ.

ಯಾವ ಕಂಪನಿ?

ಪ್ರತಿ ವರ್ಷ ಪುಷ್ಯ ಮಾಸದ ಅಮಾವಾಸ್ಯೆಗೆ, ಪುರಂದರದಾಸರ ಪುಣ್ಯದಿನದಂದು, ನಮ್ಮ ಕೂಟ ಹಂಪಿಗೆ ಹೋಗುತ್ತಿತ್ತು. ವಿಜಯ ವಿಠ್ಠಲ ಗುಡಿಯ ಸಂಗೀತ ಕಂಬಗಳ ಮುಂದೆ ನಿಂತು, ಅಲ್ಲಿಂದ ಹೊಳೆಯ ದಂಡೆಯ ಪುರಂದರ ಮಂಟಪಕ್ಕೆ ಇಳಿಯುತ್ತಿದ್ದೆವು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ಮಳೆಗಾಲದಲ್ಲಿ ಆ ಮಂಟಪ ತುಂಗಭದ್ರೆಯಲ್ಲಿ ಮುಳುಗುತ್ತದೆ. ನೀರಿಳಿದ ಮೇಲೆ ಏನೂ ಆಗದವರಂತೆ ನಿಂತಿರುತ್ತದೆ. ದಾಸರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಮುಂದಿನ ವರ್ಷವೇ ವಿಜಯನಗರ ಹಾಳಾಯಿತು. ಅರಮನೆಗಳು ಬಿದ್ದವು, ಪದಗಳು ಉಳಿದವು. ಪ್ಲೇಟಿಲ್ಲ, ಟೇಪಿಲ್ಲ. “ಇದೊಂದು ಪದ ಕಲಿ” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತ ಹೋದದ್ದರಿಂದ ಉಳಿದವು. ಮಂಟಪದ ಕಲ್ಲಿನ ಮೇಲೆ ಕೂತು ನಾವು ಇದನ್ನೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಮಾತಾಡಿದ್ದು ತಲೆಗೆ ಮಾತ್ರ ಇಳಿದಿರಲಿಲ್ಲ.

1986ರ ಒಂದು ಭಾನುವಾರ. ಆಗ ನಮ್ಮ ಶಾಖೆಯಲ್ಲಿ ದಿನಗೂಲಿಯ ಮೇಲೆ ನೀರು ತುಂಬಿ ಕಸ ಗುಡಿಸುತ್ತಿದ್ದ ಒಬ್ಬ ಹುಡುಗನಿದ್ದ. ದರೋಜಿ ಕಡೆಯ ಹಳ್ಳಿಯವನು. ಕೂಟದ ದಿನ ಹೋಟೆಲಿನಿಂದ ಮಿರ್ಚಿ, ಚಹಾ ತಂದುಕೊಡಲು ನಾನೇ ಅವನಿಗೆ ಹೇಳಿದ್ದೆ. ತಂದುಕೊಟ್ಟು ಹೋಗುತ್ತಿರಲಿಲ್ಲ; ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯವರೆಗೂ ಕೇಳುತ್ತಿದ್ದ. ಒಳಗೆ ಬಾ ಎಂದು ನಾವು ಕರೆದದ್ದು ನನಗೆ ನೆನಪಿಲ್ಲ.

ಆ ದಿನ ಹಾಡು ಮುಗಿದು ಒಂದು ಕ್ಷಣ ಎಲ್ಲರೂ ಸುಮ್ಮನಿದ್ದಾಗ ಅವನು ಬಾಯಿ ಬಿಟ್ಟ. “ನಮ್ಮವ್ವನೂ ಹಾಡ್ತಾಳ್ರೀ. ಬೀಸೋ ಪದ. ರಾತ್ರಿಯೆಲ್ಲ ಹಾಡಿದ್ರೂ ಮುಗಿಯಂಗಿಲ್ಲ. ಒಮ್ಮೆ ಕೇಳ್ರಿ.”

ಯೋಚಿಸಿ ನೋಡಿದರೆ ನಮ್ಮ ನಿಯಮದ ಪ್ರಕಾರವೇ ಅವನು ಹೇಳಿದ್ದ. ಏನು, ಯಾಕೆ, ಎಷ್ಟು, ಎಲ್ಲವೂ ಮೂರು ಮಾತಿನಲ್ಲಿ ಬಂದಿತ್ತು. ಆದರೆ ನನ್ನ ಕೈಯಲ್ಲಿ ಲೆಜರ್ ಇತ್ತು, ಕಾಲಂಗಳಿದ್ದವು. “ಯಾವ ಕಂಪನಿಯದಪ್ಪಾ?” ಎಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. ಮುಂದಿನ ತಿಂಗಳು ಚಹಾ ಬೇರೆಯವನು ತಂದ. ಕೆಲವು ತಿಂಗಳ ನಂತರ ಅವನು ಕೂಲಿ ಬಿಟ್ಟು ಊರಿಗೆ ಹೋದ ಎಂದು ಗೊತ್ತಾಯಿತು. ನಾನು ಮರೆತೆ.

1999ರಲ್ಲಿ ಪತ್ರಿಕೆಯಲ್ಲಿ ಒಂದು ಹೆಸರು ಓದಿದೆ: ಬುರ್ರಕಥೆ ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿಯವರು. ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. ಓದು ಬರಹ ಬಾರದ, ಊರೂರು ಅಲೆದು ಕತೆ ಹಾಡುತ್ತಿದ್ದ ಅಲೆಮಾರಿ ಬುಡ್ಗಜಂಗಮ ಸಮುದಾಯದ ಹೆಣ್ಣುಮಗಳು. ಅವರ ನಾಲಗೆಯ ಮೇಲೆ ಹನ್ನೆರಡು ಜನಪದ ಮಹಾಕಾವ್ಯಗಳಿದ್ದವು. ನಮ್ಮ ಕಂಪ್ಲಿ, ಕುಮ್ಮಟದುರ್ಗದ ಕುಮಾರರಾಮನ ಕತೆಯೂ ಅವುಗಳಲ್ಲೊಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಅವರ ಕಾವ್ಯಗಳನ್ನು ಹಾಡಿಸಿ, ಬರೆದುಕೊಂಡು, ಪುಸ್ತಕ ಮಾಡಿದರು. ಮುಂದೆ ನಾಡೋಜ ಪದವಿಯನ್ನೂ ಕೊಟ್ಟು ಗೌರವಿಸಿದರು. 2014ರಲ್ಲಿ ಈರಮ್ಮ ತೀರಿಕೊಂಡರು. ಅವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಹಾಡುತ್ತಿದ್ದ ವರ್ಷಗಳಲ್ಲೇ ನಾವು ಒಂದು ಕ್ಯಾಸೆಟ್ಟಿಗಾಗಿ ಹುಬ್ಬಳ್ಳಿಗೆ ರೈಲು ಹತ್ತುತ್ತಿದ್ದೆವು.

ಆ ಸುದ್ದಿ ಓದುತ್ತಿದ್ದಂತೆ ಬಾಗಿಲ ಚೌಕಟ್ಟಿಗೆ ಒರಗಿದ ಹುಡುಗ ಕಣ್ಣ ಮುಂದೆ ಬಂದ.

ಕಲ್ಲಿಲ್ಲದೆ ಪದ ಬರುವುದಿಲ್ಲ

ಹುಡುಕಿಕೊಂಡು ಹೋದೆ. ಜೊತೆಗೆ ದರ್ಜಿ ಬಂದರು, ಕೈಯಲ್ಲಿ ಟೇಪ್‌ರೆಕಾರ್ಡರ್, ಹೊಸ ಬ್ಯಾಟರಿ, ಎರಡು ಖಾಲಿ ಕ್ಯಾಸೆಟ್. ಹುಡುಗ ಈಗ ಎರಡು ಮಕ್ಕಳ ತಂದೆ. ನಮ್ಮನ್ನು ಕಂಡು ಗುರುತು ಹಿಡಿದ. ಹಾಸಿಗೆ ಹಾಸಿ ಕೂಡಿಸಿದ. ಅವರವ್ವ ತೀರಿಕೊಂಡು ಎರಡು ವರ್ಷವಾಗಿತ್ತು.

ನಾವು ಬಂದ ಕಾರಣ ಹೇಳಲು ನನಗೆ ಬಾಯಿ ಬರಲಿಲ್ಲ. ದರ್ಜಿಯೇ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಓಣಿಯಿಂದ ತನ್ನ ಅಕ್ಕನನ್ನು ಕರೆತಂದ. ಆಕೆ ಮೊದಲು ಒಲ್ಲೆ ಎಂದರು. ಆಮೇಲೆ “ಕಲ್ಲಿಲ್ಲದ ಪದ ಬರಂಗಿಲ್ಲ” ಎಂದರು. ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಒರೆಸಿ ತಂದರು. ಊರಿಗೆ ಗಿರಣಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಒಂದು ಹಿಡಿ ಜೋಳ ಹಾಕಿ ತಿರುಗಿಸತೊಡಗಿದಂತೆ ಪದ ತಾನಾಗಿ ಬಂತು.

ಏಳು ಪದ ಹಾಡಿದರು. ಎಂಟನೆಯದು ಅರ್ಧಕ್ಕೆ ನಿಂತಿತು. “ಮುಂದಿಂದು ಅವ್ವಗೇ ಗೊತ್ತಿತ್ತು” ಎಂದು ಕಲ್ಲಿನ ಮೇಲಿನ ಹಿಟ್ಟು ಬಳಿದುಕೊಂಡರು.

ಮುಂದಿನ ಮೊದಲ ಭಾನುವಾರ ಆ ಕ್ಯಾಸೆಟ್ ಕೂಟಕ್ಕೆ ಬಂತು. ಅಷ್ಟು ಹೊತ್ತಿಗೆ ನಾವು ನಾಲ್ವರೇ ಉಳಿದಿದ್ದೆವು. ಎರಡೇ ಹಾಡು ಎಂಬ ನಿಯಮ ಯಾರಿಗೂ ನೆನಪಾಗಲಿಲ್ಲ. ಕಲ್ಲಿನ ಗರಗರ, ನಡುವೆ ಒಂದು ಕೋಳಿಯ ಕೂಗು, ಮಗುವಿನ ಅಳು, ಎಲ್ಲವನ್ನೂ ಕೇಳಿದೆವು. ಲೆಜರ್‌ನಲ್ಲಿ ಕ್ರಮಸಂಖ್ಯೆ 341. ಕಂಪನಿ ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ತುಂಬ ಹೊತ್ತು ಪೆನ್ನು ಹಿಡಿದು ಕೂತೆ. ಕೊನೆಗೆ ‘ಅವ್ವ’ ಎಂದು ಬರೆದೆ. ಮರಳಿಸಿದ ತಾರೀಖಿನ ಜಾಗ ಇವತ್ತಿಗೂ ಖಾಲಿ ಇದೆ. ಪ್ರತಿ ಒಂದನ್ನು ಆ ಮನೆಗೆ ತಲುಪಿಸಿದೆ, ನಿಜ. ಆದರೆ ಒಂದು ರಾತ್ರಿಯಷ್ಟು ಹಾಡು ಬಾಕಿ ಇದೆ. ಅದನ್ನು ಯಾವ ಅಂಗಡಿಯಲ್ಲೂ ಕೊಂಡು ತರಲಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಒಂದು ಕೂಟ

ಈಗ ಕಾಲ ಬದಲಾಗಿದೆ. ಮಗಳು ನನಗೆ ‘ಕಾರವಾನ್’ ಪೆಟ್ಟಿಗೆ ಕೊಡಿಸಿದ್ದಾಳೆ. ಒಳಗೆ ಐದು ಸಾವಿರ ಹಾಡುಗಳಂತೆ. ಮೊಮ್ಮಗನ ಫೋನಿನಲ್ಲಿ ಲೆಕ್ಕವೇ ಇಲ್ಲ. ಒಳ್ಳೆಯದೇ. ವಿಚಿತ್ರವೆಂದರೆ ಪ್ಲೇಟುಗಳೂ ಮತ್ತೆ ಬಂದಿವೆ. ಅಮೆರಿಕದಲ್ಲಿ 2022ರಲ್ಲಿ ಸಿಡಿಗಳಿಗಿಂತ ಹೆಚ್ಚು ಪ್ಲೇಟುಗಳು ಮಾರಾಟವಾದವು. ಎಲ್ಲವೂ ಸಿಗುವ ಕಾಲದಲ್ಲಿ ಕೈಯಲ್ಲಿ ಹಿಡಿದು, ಒಬ್ಬರಿಗೆ ಕೊಟ್ಟು, ಮರಳಿ ಪಡೆಯುವಂಥದ್ದು ಒಂದು ಇರಲಿ ಎಂದು ಜನರಿಗೆ ಅನ್ನಿಸಿರಬೇಕು.

ನಿಮ್ಮ ಮನೆಯಲ್ಲಿ ಹಳೆಯ ಪ್ಲೇಟು, ಕ್ಯಾಸೆಟ್ ಇದ್ದರೆ ಕೆಲವು ಮಾತು ನೆನಪಿಡಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ನಮ್ಮ ಕಡೆಯ ಬಿಸಿಲಿಗೆ ಅವು ಬಾಗುತ್ತವೆ; ತಂಪಾದ ಜಾಗದಲ್ಲಿರಲಿ. ಅಂಚು ಹಿಡಿದು ಎತ್ತಿ, ಗೆರೆಗಳನ್ನು ಮುಟ್ಟಬೇಡಿ. ಕ್ಯಾಸೆಟ್ಟುಗಳನ್ನು ಸ್ಪೀಕರಿನ ಪಕ್ಕ ಇಡಬೇಡಿ, ಅದರೊಳಗೆ ಅಯಸ್ಕಾಂತವಿದೆ. ವರ್ಷಕ್ಕೊಮ್ಮೆ ಮೊದಲಿನಿಂದ ಕೊನೆಯವರೆಗೆ ಓಡಿಸಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ, ಕೈತಪ್ಪಿ ಕೂಡ ಅದರ ಮೇಲೆ ಬೇರೇನೂ ಮುದ್ರಣವಾಗದು. ಅಂಗಡಿಯಲ್ಲಿ ಕೊಂಡದ್ದು ಹಾಳಾದರೆ ಇನ್ನೊಂದು ಸಿಕ್ಕೀತು. ಮನೆಯಲ್ಲಿ ಮುದ್ರಿಸಿದ್ದಕ್ಕೆ ಇನ್ನೊಂದಿಲ್ಲ. ಮೊದಲು ಅದನ್ನು ಉಳಿಸಿ.

ಇನ್ನು ಕೂಟ. ತಿಂಗಳಿಗೊಂದು ಸಂಜೆ, ಒಂದು ಗಂಟೆ ಸಾಕು. ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು, ಎಲ್ಲರೂ ಒಂದೊಂದು ಹಾಡು ತರಲಿ. ಯಾಕೆ ಕೇಳಬೇಕು ಎಂದು ಮೂರು ಮಾತಿನಲ್ಲಿ ಹೇಳಲಿ. ಹಾಡುವಾಗ ಉಳಿದವರು ಫೋನು ನೋಡಬಾರದು. ಕೊಂಡು ತಂದದ್ದಾದರೂ ಸರಿ, ನೆನಪಿನಿಂದ ತಂದದ್ದಾದರೂ ಸರಿ. ಅಜ್ಜಿಯ ಸರದಿ ಬಂದಾಗ ಫೋನಿನ ಕೆಂಪು ಗುಂಡಿ ಒತ್ತಲು ಮರೆಯಬೇಡಿ. ಯಾರಾದರೂ ಬಾಗಿಲಲ್ಲಿ ನಿಂತಿದ್ದರೆ ಒಳಗೆ ಕರೆಯಿರಿ.

ರಜೆ ಮುಗಿಯುವ ಮುನ್ನ ಮೊಮ್ಮಗ 341ನೆಯ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿಕೊಂಡ. ಪರದೆಯ ಮೇಲೆ ‘ಕಲಾವಿದರು: ಗೊತ್ತಿಲ್ಲ’ ಎಂದು ಬಂತು. ಅದನ್ನು ಅಳಿಸಿ ಆ ಅಕ್ಕನ ಹೆಸರನ್ನೂ ಅವರವ್ವನ ಹೆಸರನ್ನೂ ಕನ್ನಡದಲ್ಲಿ ಬರೆಸಿದೆ. ಅರ್ಧಕ್ಕೆ ನಿಂತ ಎಂಟನೆಯ ಪದವನ್ನು ತೆಗೆದುಬಿಡಲೇ ಎಂದು ಕೇಳಿದ. ಬೇಡ, ಇರಲಿ ಎಂದೆ.

ನಮ್ಮ ಕೂಟದಲ್ಲಿ ಈಗ ಉಳಿದಿರುವುದು ಮೂವರು. ಮೇಷ್ಟ್ರಿಗೆ ಕಿವಿ ಮಂದವಾಗಿದೆ, ಮಾತು ಗಟ್ಟಿಯಾಗಿದೆ. ಮೊದಲ ಭಾನುವಾರ ಸಂಜೆ ಈಗಲೂ ಸೇರುತ್ತೇವೆ. ಪ್ರಶ್ನೆಯನ್ನು ಮಾತ್ರ ಸ್ವಲ್ಪ ತಿದ್ದಿಕೊಂಡಿದ್ದೇವೆ. ಏನು ತಂದಿರಿ ಎಂದು ಕೇಳುವುದಿಲ್ಲ, “ಈ ತಿಂಗಳು ಯಾರನ್ನು ಕೇಳಿದಿರಿ?” ಎನ್ನುತ್ತೇವೆ.